ಕಲ್ಲಿಗೆ ಹೊಡೆದ ಮೇಲೆ ರೋಟವೇಟರ್ ಎಳೀತಿಲ್ವಾ? ಮೊದಲೇ ಇಂಜಿನ್‌ಗೆ ಕೈ ಹಾಕಬೇಡಿ

ನಮ್ಮ ಬಂಡಳ್ಳಿ ಕಡೆಯ ಹೊಲಗಳು ಮೇಲೆ ನೋಡಿದರೆ ಹದವಾಗಿರುತ್ತವೆ, ನಾಲ್ಕು ಬೆರಳು ಕೆಳಗೆ ಕಲ್ಲು. ಹೋದ ವರ್ಷ ಮೊದಲ ಮಳೆ ಬಿದ್ದ ಮಾರನೇ ದಿನ ಪಕ್ಕದವರ ಮುಸುಕಿನ ಜೋಳದ ಹೊಲಕ್ಕೆ ಬಾಡಿಗೆಗೆ ರೋಟವೇಟರ್ ಹೊಡೀತಿದ್ದೆ. ಟ್ರ್ಯಾಕ್ಟರ್ ಕಂತು ಕಟ್ಟೋದು ಆ ಹದಿನೈದು ದಿನದ ದುಡಿಮೆಯಲ್ಲೇ. ಠಣ್ ಅಂತ ಶಬ್ದ ಬಂತು. ಇಂಜಿನ್ ಓಡ್ತಾನೇ ಇದೆ, ಹಿಂದೆ ಬ್ಲೇಡು ನಿಂತಿದೆ.

ಇಳಿದು ನೋಡಿದೆ. ಜಾಯಿಂಟ್ ಶಾಫ್ಟಿನಲ್ಲಿ, ಗೇರ್‌ಬಾಕ್ಸ್ ಕಡೆಯ ತುದಿಯ ಶಿಯರ್ ಬೋಲ್ಟ್ ತುಂಡಾಗಿತ್ತು. ಅದು ತುಂಡಾಗಲಿ ಅಂತಲೇ ಹಾಕಿರೋದು. ಕಲ್ಲಿನ ಏಟು ಗೇರಿಗೆ ಹೋಗದೆ ಬೋಲ್ಟಿಗೇ ನಿಲ್ಲಬೇಕು. ಆದರೆ ನಾನು ಮಾಡಿದ್ದೇನು? ಪದೇ ಪದೇ ಕಟ್ ಆಗೋದು ಬೇಡ ಅಂತ ಡಬ್ಬಿಯಲ್ಲಿದ್ದ ಗಟ್ಟಿ ಬೋಲ್ಟ್ ತುರುಕಿದೆ. ತಲೆ ಮೇಲೆ 10.9 ಅಂತಿತ್ತು. ನನ್ನ ಯಂತ್ರದ ಪುಸ್ತಕದಲ್ಲಿ ಹೇಳಿರೋದು 8.8. ಮೊದಲ ಅಂಕಿ ದೊಡ್ಡದಾದಷ್ಟೂ ಬೋಲ್ಟ್ ಗಟ್ಟಿ, 10.9 ಸುಮಾರು ಕಾಲುಭಾಗ ಜಾಸ್ತಿ ತಡೆಯುತ್ತದೆ.

ಸಂಜೆ ಇನ್ನೊಂದು ಕಲ್ಲು. ಈ ಸಲ ಬೋಲ್ಟ್ ಉಳಿಯಿತು. ಆಮೇಲೆ ಶುರುವಾಯ್ತು ತೊಂದರೆ: ಮೇಲೆತ್ತಿದರೆ ಬ್ಲೇಡು ತಿರುಗುತ್ತೆ, ಮಣ್ಣಿಗಿಳಿಸಿದರೆ ಇಂಜಿನ್ ಕೂತು ಕಪ್ಪು ಹೊಗೆ. ಡೀಸೆಲ್ ಫಿಲ್ಟರ್ ಬದಲಿಸಿದೆ, ಏರ್ ಫಿಲ್ಟರ್ ಝಾಡಿಸಿದೆ. ಎರಡು ದಿನ ಹೋಯ್ತು. ಕೊನೆಗೆ ಮಾವ ಬಂದು ಎರಡು ನಿಮಿಷ ಕಿವಿಗೊಟ್ಟು ಕೇಳಿದರು. "ಇಂಜಿನ್‌ಗೆ ಏನೂ ಆಗಿಲ್ಲ ಕನಪ್ಪ, ಹಿಂದೆ ಎಲ್ಲೋ ಹಿಡ್ಕೊಂಡದ."

ನೀವೂ ಹೀಗೇ ಗುರುತಿಸಬಹುದು. ಇಂಜಿನ್ ಸದ್ದು ಇಳಿಯದೆ ಬ್ಲೇಡು ಮಾತ್ರ ನಿಧಾನವಾದರೆ ನಡುವೆ ಎಲ್ಲೋ ಜಾರುತ್ತಿದೆ: ಶಾಫ್ಟಿನ ಸ್ಲಿಪ್ ಕ್ಲಚ್ ಇದ್ದರೆ ಅದು, ಇಲ್ಲವಾದರೆ ಪಿಟಿಒ ಕ್ಲಚ್. ಇಂಜಿನ್ನೇ ಕೂತರೆ ಹಿಂದೆ ಬಿಗಿತ ಇರಬಹುದು, ಇಲ್ಲವೇ ಇಂಜಿನ್‌ಗೆ ಗಾಳಿ, ಡೀಸೆಲ್ ಸಾಲುತ್ತಿಲ್ಲ. ಯಾವುದು ಅಂತ ತಿಳಿಯೋಕೆ ರೋಟವೇಟರ್ ಎತ್ತಿ, ಇಂಜಿನ್ ಆರಿಸಿ, ಕೀ ಜೇಬಿಗೆ ಹಾಕ್ಕೊಳ್ಳಿ. ಕೆಳಗೆ ಗಟ್ಟಿ ಮರದ ದಿಮ್ಮಿ ಕೊಡಿ, ಬರೀ ಹೈಡ್ರಾಲಿಕ್ ನಂಬಬೇಡಿ. ಜಾಯಿಂಟ್ ಶಾಫ್ಟ್ ಬಿಚ್ಚಿ, ಕಡ್ಡಿಯಿಂದ ರೋಟರ್ ತಿರುಗಿಸಿ. ಒಂದೇ ಜಾಗದಲ್ಲಿ ಪ್ರತಿ ಸುತ್ತೂ ಹಿಡಿದರೆ ರೋಟರ್ ಬಾಗಿರಬಹುದು. ಡ್ರಿಪ್ ಪೈಪು, ತಂತಿ ಬೇರಿಂಗ್ ಬಳಿ ಸುತ್ತಿಕೊಂಡಿದ್ದರೂ ಹೀಗೇ ಬಿಗಿಯುತ್ತೆ, ಮೊದಲು ಅದನ್ನೇ ನೋಡಿ. ಸೈಡ್ ಗೇರ್‌ನ ಎಣ್ಣೆ ಸೋರಿದೆಯಾ ಅಂತಲೂ.

ನನ್ನದು ರೋಟರ್ ತುದಿ ಬಾಗಿ, ಬೇರಿಂಗ್ ಹೋಗಿ, ಎಣ್ಣೆ ಪೂರ್ತಿ ಖಾಲಿ. ಮೂವತ್ತು ರೂಪಾಯಿ ಬೋಲ್ಟ್ ಉಳಿಸಲು ಹೋಗಿ ಹದಿನಾಲ್ಕು ಸಾವಿರ ಬಿತ್ತು. ರಿಪೇರಿ ಮುಗಿಯೋ ಹೊತ್ತಿಗೆ ಹೊಲದ ಹದ ಆರಿತ್ತು. ಪಕ್ಕದವರು ಮುಂದಿನ ಮಳೆವರೆಗೆ ಕಾದು ಬಿತ್ತಿದರು. ಆ ಬಾಡಿಗೆ ಕೇಳೋಕೆ ನನಗೆ ಮುಖ ಇರಲಿಲ್ಲ.

ಹಿಂದೆ ಹುಲ್ಲು ಕತ್ತರಿಸೋ ಸ್ಲ್ಯಾಷರ್ ಕಟ್ಟಿದ್ದರೂ ಇದೇ ಕ್ರಮ. ಬೊಡ್ಡೆಗೆ ಹೊಡೆದಿದ್ದರೆ ಬ್ಲೇಡ್ ಬೋಲ್ಟು ಸಡಿಲವಾಗಿದೆಯಾ ನೋಡದೆ ಮತ್ತೆ ಚಾಲೂ ಮಾಡಬೇಡಿ. ಬಿಡಿಸಿಕೊಂಡ ಬ್ಲೇಡು ದೂರ ಹಾರುತ್ತದೆ.

ಈಗ ನನ್ನ ಡಬ್ಬಿಯಲ್ಲಿ ಪುಸ್ತಕ ಹೇಳಿದ ಅಳತೆಯ ಆರು ಬೋಲ್ಟುಗಳಿವೆ. ಬಾಡಿಗೆಗೆ ಕರೆದವರಿಗೆ ಹಿಂದಿನ ಸಂಜೆಯೇ ಫೋನ್ ಮಾಡಿ ಹೇಳ್ತೀನಿ: ಗೊತ್ತಿರೋ ಕಲ್ಲಿಗೆಲ್ಲ ಸುಣ್ಣ ಬಳಿದಿಡಿ.