ಹತ್ತು ಅಂಕಿ, ಮೂರು ಗುಂಪು

ಕೇಳುಗರೇ, ಎರ್ನಾಕುಳಂ ಸ್ಟೇಷನ್‌ನಲ್ಲಿ ಇಳಿಯುವಾಗ ನಿಮ್ಮ ಮೊಬೈಲ್ ಚಾರ್ಜ್ ಮುಗಿದಿದೆ ಎಂದುಕೊಳ್ಳಿ. ಪಕ್ಕದವರು ತಮ್ಮ ಫೋನ್ ಕೊಡುತ್ತಾರೆ. ಮನೆಯವರ ನಂಬರ್ ನೆನಪಿದೆಯೇ?

ಹತ್ತು ಅಂಕಿಗಳನ್ನು ಬಿಡಿಬಿಡಿಯಾಗಿ ಹಿಡಿದಿಡುವುದು ಕಷ್ಟ. ನಮ್ಮ ತಕ್ಷಣದ ನೆನಪಿನಲ್ಲಿ ಸುಮಾರು ಏಳು ಸಂಗತಿಗಳಷ್ಟೇ ನಿಲ್ಲುತ್ತವೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು. 2001ರಲ್ಲಿ ನೆಲ್ಸನ್ ಕೋವನ್ ಅದನ್ನು ನಾಲ್ಕರ ಆಸುಪಾಸಿಗೆ ಇಳಿಸಿದರು. ಆದರೆ ಒಂದು ಸಂಗತಿ ಎಂದರೆ ಒಂದೇ ಅಂಕಿ ಆಗಬೇಕಿಲ್ಲ, ಒಂದು ಗುಂಪೂ ಆಗಬಹುದು. ಗುಟ್ಟು ಇರುವುದು ಇಲ್ಲೇ.

ಪಿನ್‌ಕೋಡನ್ನೇ ನೋಡಿ. ಕೊಚ್ಚಿ ನಗರದ್ದು 682, ತಿರುವನಂತಪುರದ್ದು 695 ಎಂದು ಶುರುವಾಗುತ್ತದೆ. ಊರಿನ ಗುಂಪು ಗೊತ್ತಿದ್ದರೆ ನೆನಪಿಡಬೇಕಾದ್ದು ಉಳಿದ ಮೂರೇ ಅಂಕಿ. ಕರ್ನಾಟಕ ಸಂಗೀತದ 72 ಮೇಳಕರ್ತ ರಾಗಗಳನ್ನೂ ಆರಾರರಂತೆ 12 ಚಕ್ರಗಳಾಗಿ ಕಟ್ಟಿದ್ದಾರೆ. ಚಕ್ರದ ಹೆಸರೇ ಅದರ ಸಂಖ್ಯೆ: ಇಂದು ಎಂದರೆ ಒಂದು, ನೇತ್ರ ಎಂದರೆ ಎರಡು.

ಮನೆಯ ನಂಬರನ್ನು ಮೂರು, ಮೂರು, ನಾಲ್ಕು ಅಂಕಿಗಳಾಗಿ ಬಿಡಿಸಿ, ದಿನವೂ ಒಂದೇ ಲಯದಲ್ಲಿ ಬಾಯಿಬಿಟ್ಟು ಹೇಳಿ. ದಿನಕ್ಕೊಂದು ರೀತಿ ಬಿಡಿಸಿದರೆ ತಡವರಿಸುತ್ತೀರಿ. ಮಕ್ಕಳಿಗೂ, ಮಲಯಾಳಂ ಬಾರದ ಹಿರಿಯರಿಗೂ ಹೇಳಿಕೊಡಿ. ಭಾಷೆ ಬಾರದ ಊರಿನಲ್ಲಿ ದಾರಿ ತಪ್ಪಿದರೆ ಆ ಒಂದು ನಂಬರೇ ಆಸರೆ.