ಆನೆಯನ್ನು ಜೋಗ ಹತ್ತಿಸುವ ಊಟ

ಕುರ್ಚಿಯಲ್ಲಿ ಕೂತು ದುಡಿಯುವ 65 ಕಿಲೊ ತೂಕದ ಗಂಡಸಿಗೆ ದಿನಕ್ಕೆ 2,110 ಕ್ಯಾಲೊರಿ ಸಾಕು. ಇದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕ. ಕೇಳಿದರೆ ಬಡಪಾಯಿ ಸಂಖ್ಯೆ! ಆದರೆ ಈ ಶಕ್ತಿಯನ್ನೆಲ್ಲ ಒಂದಿಷ್ಟೂ ಸೋರದಂತೆ ಎತ್ತುವ ಕೆಲಸಕ್ಕೆ ಹಚ್ಚಿದರೆ, ಮೂರೂವರೆ ಟನ್ ತೂಗುವ ಆನೆ ಜೋಗದ ಬುಡದಿಂದ 253 ಮೀಟರ್ ಮೇಲಿನ ತುದಿಗೆ ಹೋಗಿ ನಿಲ್ಲುತ್ತದೆ. ಬೆಳಗಿನ ಇಡ್ಲಿ, ಮಧ್ಯಾಹ್ನದ ಅನ್ನ ಸಾರು, ರಾತ್ರಿಯ ಮುದ್ದೆ ಸೇರಿ ಒಂದು ಆನೆ. ನಾಳೆ ಇನ್ನೊಂದು.

ಆ ಆನೆಯ ಬಹುಪಾಲನ್ನು ನಾವು ಮಲಗಿಕೊಂಡೇ ಎತ್ತುತ್ತೇವೆ. ತೂಕವನ್ನು 10ರಿಂದ, ಸೆಂಟಿಮೀಟರಿನಲ್ಲಿ ಎತ್ತರವನ್ನು 6.25ರಿಂದ ಗುಣಿಸಿ ಕೂಡಿಸಿ, ವಯಸ್ಸಿನ ಐದು ಪಟ್ಟು ಕಳೆದು, ಗಂಡಸಾದರೆ 5 ಸೇರಿಸಿ, ಹೆಂಗಸಾದರೆ 161 ಕಳೆಯಿರಿ. ಸುಮ್ಮನೆ ಮಲಗಿದ್ದರೂ ದೇಹ ದಿನಕ್ಕೆ ಉರಿಸುವ ಕ್ಯಾಲೊರಿಯನ್ನು ಅಂದಾಜಿಸುವ 1990ರ ಮಿಫ್ಲಿನ್ ಸೂತ್ರ ಇಷ್ಟೇ. 65 ಕಿಲೊ, 168 ಸೆಂಟಿಮೀಟರ್, 45 ವರ್ಷದ ಗಂಡಸಿಗೆ 1,480 ಬರುತ್ತದೆ. ಮೂರೂವರೆ ಟನ್‌ನಲ್ಲಿ ಎರಡೂವರೆ ಟನ್ ಬೆರಳಾಡಿಸದೆಯೇ ಮೇಲೇರಿತು!

ಹತ್ತು ವರ್ಷದಲ್ಲಿ ಈ ಮನುಷ್ಯ ತಿನ್ನುವುದು 77 ಲಕ್ಷ ಕ್ಯಾಲೊರಿ. ಒಂದು ಕಿಲೊ ಕೊಬ್ಬಿಗೆ ಸುಮಾರು 7,700 ಎಂದರೆ, ಒಂದು ಟನ್ ಕೊಬ್ಬಿನಷ್ಟು ಶಕ್ತಿ ಅವನ ಬಾಯಿಂದ ಒಳಗೆ ಹೋಗಿದೆ. ಅಷ್ಟರಲ್ಲಿ ಹೊಟ್ಟೆ 10 ಕಿಲೊ ಬೆಳೆದಿತ್ತೆನ್ನಿ. ಹೆಂಡತಿ ನಗುತ್ತಾಳೆ, ಪ್ಯಾಂಟಿನ ಗುಂಡಿ ಕೂರುವುದಿಲ್ಲ. ಆದರೆ ಲೆಕ್ಕ ತಪ್ಪಿದ್ದು ಎಷ್ಟು? 77 ಲಕ್ಷದಲ್ಲಿ 77 ಸಾವಿರ. ನೂರಕ್ಕೆ ಒಂದು. ದಿನಕ್ಕೆ 21 ಕ್ಯಾಲೊರಿ, ಅಂದರೆ ಒಗ್ಗರಣೆ ಸೌಟಿನಲ್ಲಿ ಅರ್ಧ ಟೀ ಚಮಚ ಎಣ್ಣೆ. ಸೌಟಿನ ತಳಕ್ಕೆ ಅಂಟಿಕೊಳ್ಳುವಷ್ಟು! ದೇಹ ಇಷ್ಟು ನೇರವಾಗಿ ಕೂಡಿ ಕಳೆಯುವುದಿಲ್ಲ ಎಂಬುದು ನಿಜವೇ. ಆದರೂ ನೂರು ರೂಪಾಯಿಗೆ ಒಂದೇ ರೂಪಾಯಿ ತಪ್ಪಿಸುವ ಗುಮಾಸ್ತನನ್ನು ಬೈಯಲು ನನಗಂತೂ ಮನಸ್ಸು ಬಾರದು.

ಇನ್ನು ಪೆಟ್ರೋಲ್. ಶಕ್ತಿಯ ಲೆಕ್ಕದಲ್ಲಿ ದಿನದ ಊಟ ಎಂದರೆ ಕಾಲು ಲೀಟರ್. 75 ವರ್ಷಕ್ಕೆ ಸುಮಾರು 6,800 ಲೀಟರ್. ಬಾಲ್ಯದ ಸಣ್ಣ ತುತ್ತುಗಳಿಗೆ ರಿಯಾಯಿತಿ ಕೊಟ್ಟಿಲ್ಲ, ಕ್ಷಮಿಸಿ. ಲೀಟರಿಗೆ 60 ಕಿಲೊಮೀಟರ್ ಕೊಡುವ ಬೈಕಿಗೆ ಅಷ್ಟನ್ನೂ ಹಾಕಿದರೆ 4,08,000 ಕಿಲೊಮೀಟರ್ ಓಡುತ್ತದೆ. ಚಂದ್ರ ಇರುವುದು ಸರಾಸರಿ 3,84,400 ಕಿಲೊಮೀಟರ್ ದೂರದಲ್ಲಿ. ಚಂದ್ರನನ್ನು ದಾಟಿಯೂ ಟ್ಯಾಂಕ್ ಖಾಲಿಯಾಗಿಲ್ಲ!

ನೀಲಿ ತಿಮಿಂಗಿಲಕ್ಕೆ ನಮ್ಮ ದಿನದ ಊಟ ತಿಂಡಿಯೂ ಅಲ್ಲ. ಸಿಗಡಿಯಂಥ ಪುಟಾಣಿ ಕ್ರಿಲ್‌ಗಳನ್ನು ಅದು ಒಮ್ಮೆ ಬಾಯಿ ತೆರೆದು ನುಂಗಿದರೆ ಗರಿಷ್ಠ 4,57,000 ಕ್ಯಾಲೊರಿ. ನಮ್ಮ ಗುಮಾಸ್ತನ ಯಜಮಾನನಿಗೆ ಏಳು ತಿಂಗಳ ಊಟ, ಅದಕ್ಕೆ ಒಂದು ತುತ್ತು.

ತಿಮಿಂಗಿಲವೂ ಸಣ್ಣದಾಗುವುದು ನಾವೆಲ್ಲ ಒಟ್ಟಿಗೆ ಪಂಕ್ತಿಯಲ್ಲಿ ಕೂತಾಗ. 800 ಕೋಟಿ ಎಲೆ, ತಲಾ 2,000 ಕ್ಯಾಲೊರಿ. ಒಬ್ಬೊಬ್ಬರೂ ಹಗಲು ರಾತ್ರಿ ಉರಿಯುವ ಸುಮಾರು 100 ವಾಟಿನ ಒಂದೊಂದು ಬಲ್ಬು. ಜೋಗದ ಕೆಳಗಿನ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ಅಂಥ 750 ವಿದ್ಯುದಾಗಾರಗಳು ಒಂದು ಕ್ಷಣವೂ ನಿಲ್ಲದೆ ತಿರುಗಿದರೆ ಎಷ್ಟೋ ಅಷ್ಟು ಶಕ್ತಿ, ಬರೀ ಅನ್ನ, ರೊಟ್ಟಿ, ಮುದ್ದೆಯಿಂದ.