ಹಿತ್ತಲ ಕೋಳಿಗಳ ದಿನಚರ್ಯೆಯೂ ಕೊಕ್ಕರೆ ರೋಗದ ನಿವಾರಣೆಯೂ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಗ್ರಾಮಗಳಲ್ಲಿ ಅನೇಕ ಮನೆಗಳ ಹಿತ್ತಲಲ್ಲಿ ನಾಲ್ಕಾರು ಹೇಂಟೆಗಳೂ ಒಂದು ಹುಂಜವೂ ಇರುವುವು. ಇವುಗಳ ಪಾಲನೆಯು ಬಹುಮಟ್ಟಿಗೆ ಮನೆಯ ಹೆಂಗಸರದು. ಮೊಟ್ಟೆ ಮಾರಿ ಬಂದ ಹಣವು ಉಪ್ಪೆಣ್ಣೆಗೂ ಮಕ್ಕಳ ಪುಸ್ತಕಕ್ಕೂ ಒದಗುವುದು. ಕೊಕ್ಕರೆ ರೋಗವು ಊರನ್ನು ಹೊಕ್ಕರೆ ಈ ಆದಾಯವೆಲ್ಲವೂ ಕೆಲವೇ ದಿನಗಳಲ್ಲಿ ನಾಶವಾಗುವುದು.

ಬೆಳಗಿನ ಕೆಲಸ.—ಗೂಡಿನ ಬಾಗಿಲು ತೆಗೆಯುವಾಗಲೇ ಕೋಳಿಗಳನ್ನು ಒಂದೊಂದಾಗಿ ನೋಡತಕ್ಕದ್ದು. ಸಾಕಿದವಳ ಕೂಗಿಗೆ ಓಡಿಬರುವುದು ಕೋಳಿಯ ಸ್ವಭಾವ. ಕರೆದರೂ ಬಾರದೆ ಗರಿ ಕೆದರಿಕೊಂಡು ಮೂಲೆಯಲ್ಲಿ ನಿಂತ ಹೇಂಟೆಯೇ ರೋಗದ ಮೊದಲ ಸುದ್ದಿ. ಆದ್ದರಿಂದ ಕೋಳಿಗಳ ಮೇಲಿನ ಅಕ್ಕರೆಯು ವ್ಯರ್ಥವಲ್ಲ. ಗುರುತಿಟ್ಟು ಸಾಕುವವರ ಕಣ್ಣೇ ಮೊದಲ ಕಾವಲು. ಹಿಕ್ಕೆಯನ್ನು ಗುಡಿಸಿ ತಿಪ್ಪೆಗೆ ಹಾಕಿ, ನೀರಿನ ಪಾತ್ರೆಯನ್ನು ಉಜ್ಜಿ ಹೊಸನೀರು ತುಂಬಬೇಕು. ಮಣ್ಣಿನಲ್ಲಿ ಹೊರಳುವ ಜಾಗಕ್ಕೆ ಒಲೆಯ ಬೂದಿ ಬೆರೆಸಿದರೆ ಹೇನಿನ ಕಾಟ ತಗ್ಗುವುದು.

ಮೇವು.—ದಾವಣಗೆರೆ ಜಿಲ್ಲೆಯಲ್ಲಿ ಮೆಕ್ಕೆಜೋಳವು ಹೇರಳವಾಗಿ ಬೆಳೆಯುವುದರಿಂದ ಅದರ ನುಚ್ಚು ಸುಲಭವಾಗಿ ದೊರೆಯುವುದು. ಆದರೆ ಬೂಷ್ಟು ಹಿಡಿದ ಕಾಳನ್ನು ಕೋಳಿಗಳಿಗೆ ಹಾಕಬಾರದು; ಅದರಲ್ಲಿನ ವಿಷವು ಪಿತ್ತಜನಕಾಂಗವನ್ನು ಕೆಡಿಸುವುದು.

ಕಾವು.—ಒಂದು ನಾಟಿ ಹೇಂಟೆಗೆ 10ರಿಂದ 12 ಹೊಸ ಮೊಟ್ಟೆಗಳು ಸಾಕು. 7ನೆಯ ರಾತ್ರಿ ಬ್ಯಾಟರಿ ದೀಪಕ್ಕೆ ಹಿಡಿದು, ಒಳಗೆ ನರಗಳು ಕಾಣದ ಗೊಡ್ಡು ಮೊಟ್ಟೆಗಳನ್ನು ತೆಗೆಯಬಹುದು. 21ನೆಯ ದಿನಕ್ಕೆ ಮರಿಗಳು ಹೊರಬರುವುವು. ಹದ್ದು, ಬೆಕ್ಕು, ಮುಂಗುಸಿಗಳ ಭಯ ಇರುವುದರಿಂದ ಎಳೆಯ ಮರಿಗಳನ್ನು ತಾಯಿಯೊಡನೆ ಮಂಕರಿಯಡಿ ಇಡುವುದು ಲೇಸು.

ಕೊಕ್ಕರೆ ರೋಗ.—ಹಿಮಾಲಯ ಪ್ರಾಂತದ ಊರೊಂದರ ಹೆಸರಿನಿಂದ ಇದಕ್ಕೆ ರಾಣಿಖೇತ್ ರೋಗವೆಂದೂ ಹೆಸರುಂಟು. ಬಾಯಿ ತೆರೆದು ಉಸಿರಾಡುವುದು, ಹಸಿರು ಮಿಶ್ರಿತ ಭೇದಿ, ಕತ್ತು ತಿರುಚುವುದು, ಕಾಲು ರೆಕ್ಕೆಗಳು ಸೋಲುವುದು ಇದರ ಲಕ್ಷಣಗಳು. ರೋಗ ಬಂದ ಮೇಲೆ ಔಷಧವಿಲ್ಲ. ಬಾರದಂತೆ ಲಸಿಕೆ ಹಾಕಿಸುವುದೊಂದೇ ಮಾರ್ಗ. ಮರಿಗಳಿಗೆ 5ರಿಂದ 7ನೆಯ ದಿನದೊಳಗೆ ಕಣ್ಣು ಅಥವಾ ಮೂಗಿಗೆ ಒಂದು ಹನಿಯನ್ನೂ, 8ರಿಂದ 10 ವಾರಗಳ ವಯಸ್ಸಿಗೆ ಚರ್ಮದಡಿ ಚುಚ್ಚುಮದ್ದನ್ನೂ ಹಾಕಿಸತಕ್ಕದ್ದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಗಿರಿರಾಜ ತಳಿಯನ್ನು ಸಾಕುವವರೂ ಇದರಿಂದ ಹೊರತಲ್ಲ.

ಗ್ರಾಮದ ಮುಖಂಡರ ಕರ್ತವ್ಯ.—ಲಸಿಕೆಯ ಒಂದು ಸೀಸೆಯು ಸಾಮಾನ್ಯವಾಗಿ 100 ಅಥವಾ ಹೆಚ್ಚು ಕೋಳಿಗಳಿಗೆ ಸಾಲುವುದು. ಒಮ್ಮೆ ಕಲಸಿದ ಮೇಲೆ ಕೆಲವು ಗಂಟೆಗಳೊಳಗೆ ಮುಗಿಸಬೇಕು. ಐದು ಕೋಳಿ ಇರುವ ಬಡವಳು ಒಬ್ಬಳೇ ಇದನ್ನು ತರಿಸಲಾರಳು. ಆದುದರಿಂದ ಮುಖಂಡರು ಪಶು ಆಸ್ಪತ್ರೆಯವರೊಡನೆ ಮಾತನಾಡಿ ದಿನ ಗೊತ್ತುಮಾಡಿ, ಹಿಂದಿನ ಸಂಜೆ ಡಂಗುರ ಸಾರಿಸಿ, ಗೂಡು ತೆರೆಯುವ ಮುನ್ನವೇ ಎಲ್ಲ ಕೇರಿಗಳ ಕೋಳಿಗಳಿಗೂ ಲಸಿಕೆ ಹಾಕಿಸಬೇಕು. ಒಂದು ಕೇರಿಯನ್ನು ಬಿಟ್ಟರೂ ರೋಗಕ್ಕೆ ದಾರಿ ಉಳಿಯುವುದು. ಸಂತೆಯಿಂದ ತಂದ ಕೋಳಿಯನ್ನು ಎರಡು ವಾರ ಬೇರೆ ಇಡಬೇಕು. ರೋಗಿಷ್ಟ ಕೋಳಿಯನ್ನು ಸಂತೆಗೆ ಒಯ್ಯಬಾರದು. ಸತ್ತುದನ್ನು ಕೆರೆ ಹಳ್ಳಗಳಿಗೆ ಎಸೆಯದೆ ಸುಣ್ಣ ಹಾಕಿ ಆಳವಾಗಿ ಹೂಳತಕ್ಕದ್ದು.

ಸಂಜೆ ಕೋಳಿಗಳನ್ನು ಎಣಿಸಿ ಗೂಡು ಮುಚ್ಚುವುದು ಗೃಹಿಣಿಯ ಕೆಲಸ. ಆ ಎಣಿಕೆಯು ಮರುದಿನ ಕಡಿಮೆಯಾಗದಂತೆ ನೋಡುವುದು ಊರಿನವರೆಲ್ಲರ ಕೆಲಸ.